ಕಪ್ ಯಾರಿಗೆ, ಆಸ್ಕರ್ ಯಾರಿಗೆ: ಊಹೆಯ ಹಿಂದಿನ ಲೆಕ್ಕ

2017ರ ಫೆಬ್ರವರಿ 5. ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ, ಮೂರನೇ ಕ್ವಾರ್ಟರ್ ನಡೆಯುತ್ತಿರುವಾಗ ಅಟ್ಲಾಂಟಾ ಫಾಲ್ಕನ್ಸ್ 28-3ರ ಮುನ್ನಡೆಯಲ್ಲಿತ್ತು. ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿ, ಕೊನೆಗೆ 34-28ರಿಂದ ಗೆದ್ದದ್ದು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್. ಅದೇ ತಿಂಗಳ 26ರಂದು ಆಸ್ಕರ್ ವೇದಿಕೆಯಲ್ಲಿ ತಪ್ಪು ಲಕೋಟೆ ಕೈಗೆ ಬಂದು, ಅತ್ಯುತ್ತಮ ಚಿತ್ರ 'ಲಾ ಲಾ ಲ್ಯಾಂಡ್' ಎಂದು ಓದಿಬಿಟ್ಟರು. ಚಿತ್ರತಂಡ ಧನ್ಯವಾದ ಹೇಳುತ್ತಿರುವಾಗಲೇ ತಿದ್ದುಪಡಿ ಬಂತು, ಪ್ರಶಸ್ತಿ 'ಮೂನ್‌ಲೈಟ್'ಗೆ ಹೋಯಿತು. 14 ನಾಮನಿರ್ದೇಶನ ಪಡೆದಿದ್ದ ಚಿತ್ರ 8 ನಾಮನಿರ್ದೇಶನದ ಚಿತ್ರದೆದುರು ಸೋತಿತ್ತು.

'ಯಾರೂ ಊಹಿಸದ ಫಲಿತಾಂಶ' ಎಂದು ಎರಡನ್ನೂ ಒಂದೇ ಸಾಲಿಗೆ ಸೇರಿಸುವುದು ರೂಢಿ. ಆದರೆ ಇವೆರಡರ ಜಾತಿಯೇ ಬೇರೆ. ಮೊದಲನೆಯದು ನಿಜಕ್ಕೂ ಅಪರೂಪದ ಘಟನೆ, ನೂರಾರು ಪಂದ್ಯಗಳಲ್ಲಿ ಎಂದೋ ಒಮ್ಮೆ ಆಗುವಂಥದ್ದು. ಎರಡನೆಯದು ಹಾಗಲ್ಲ. ಆಸ್ಕರ್ ಮತ ಎಣಿಸುವ ಕ್ರಮ ಬಲ್ಲವರ ಪಟ್ಟಿಯಲ್ಲಿ 'ಮೂನ್‌ಲೈಟ್' ಮೊದಲಿಂದಲೂ ಎರಡನೇ ಹೆಸರಾಗಿ ಕೂತಿತ್ತು.

ಚಿತ್ರ ಎಷ್ಟು ಚೆನ್ನಾಗಿದೆ, ತಂಡ ಎಷ್ಟು ಬಲವಾಗಿದೆ ಎಂದು ನಾವು ಗಂಟೆಗಟ್ಟಲೆ ವಾದ ಮಾಡುತ್ತೇವೆ. ಮತ ಹಾಕುವವರು ಯಾರು, ಎಣಿಸುವುದು ಹೇಗೆ, ಟೂರ್ನಿಯ ಮಾದರಿ ಯಾವುದು ಎಂಬ ಒಣ ಪ್ರಶ್ನೆಗಳನ್ನು ಮಾತ್ರ ಕೇಳುವುದೇ ಇಲ್ಲ. ಊಹೆ ಕೆಡುವುದು ಹೆಚ್ಚಾಗಿ ಅಲ್ಲೇ.

ಒಳಗೆ ಬರಲು ಒಂದು ಎಣಿಕೆ, ಗೆಲ್ಲಲು ಇನ್ನೊಂದು

ಆಸ್ಕರ್ ಕೊಡುವ ಅಕಾಡೆಮಿಯಲ್ಲಿ ಮತದಾರರು ಸುಮಾರು 10 ಸಾವಿರ. ನಾಮನಿರ್ದೇಶನದ ಹಂತದಲ್ಲಿ ಆಯಾ ಕಸುಬಿನವರು ಆಯಾ ವಿಭಾಗಕ್ಕೆ ಮತ ಹಾಕುತ್ತಾರೆ: ನಟನೆಗೆ ನಟರು, ಸಂಕಲನಕ್ಕೆ ಸಂಕಲನಕಾರರು, ನಿರ್ದೇಶನಕ್ಕೆ ನಿರ್ದೇಶಕರು. ಅತ್ಯುತ್ತಮ ಚಿತ್ರಕ್ಕೆ ಮಾತ್ರ ಎಲ್ಲರೂ ಹೆಸರು ಸೂಚಿಸಬಹುದು. ಅಂತಿಮ ಸುತ್ತಿನಲ್ಲಿ ಎಲ್ಲ ವಿಭಾಗಗಳಿಗೂ ಎಲ್ಲರಿಗೂ ಮತವಿದೆ. ಒಂದು ವಿಭಾಗದ ಎಲ್ಲ ಚಿತ್ರಗಳನ್ನೂ ನೋಡಿದವರಿಗೆ ಮಾತ್ರ ಆ ವಿಭಾಗದಲ್ಲಿ ಅಂತಿಮ ಮತ ಎಂಬ ನಿಯಮ 2026ರ ಪ್ರಶಸ್ತಿಯಿಂದ ಬಂದಿದೆ.

ನಾಮನಿರ್ದೇಶನದ ಮತಪತ್ರದಲ್ಲಿ ಹೆಸರುಗಳನ್ನು ಪ್ರಾಶಸ್ತ್ಯದ ಕ್ರಮದಲ್ಲಿ ಬರೆಯುತ್ತಾರೆ. ಐದು ಸ್ಥಾನಗಳಿದ್ದರೆ, ಬಿದ್ದ ಮತಪತ್ರಗಳನ್ನು ಆರರಿಂದ ಭಾಗಿಸಿ ಒಂದು ಕೂಡಿಸಿದರೆ ಬರುವುದು ಕೋಟಾ. 600 ಮತಪತ್ರ ಬಿದ್ದಿದ್ದರೆ ಕೋಟಾ 101. ಮೊದಲ ಪ್ರಾಶಸ್ತ್ಯದ 101 ಮತ ಸಿಕ್ಕವರು ಆಗಲೇ ಒಳಗೆ. ಉಳಿದ 499 ಜನ ಆ ಚಿತ್ರವನ್ನು ಸಹಿಸದವರೇ ಆಗಿದ್ದರೂ ತೊಂದರೆಯಿಲ್ಲ. ಅಂದರೆ ಇಲ್ಲಿ ಬೇಕಾದದ್ದು ತಲೆಯ ಮೇಲೆ ಹೊತ್ತು ಮೆರೆಸುವ ಒಂದು ಸಣ್ಣ ಗುಂಪು. 'ಪರವಾಗಿಲ್ಲ, ಚೆನ್ನಾಗಿದೆ' ಎಂದು ಎಲ್ಲರೂ ಹೇಳಿ ಯಾರೂ ಮೊದಲ ಸ್ಥಾನ ಕೊಡದ ಅಭಿನಯ ಈ ಹಂತದಲ್ಲೇ ಉದುರಿಹೋಗುತ್ತದೆ. ಪ್ರತಿವರ್ಷ ಜನವರಿಯಲ್ಲಿ 'ಇವರ ಹೆಸರೇ ಇಲ್ಲವಲ್ಲ' ಎಂಬ ಕೂಗಿಗೆ ಮುಖ್ಯ ಕಾರಣ ಇದೇ.

ಅಂತಿಮ ಸುತ್ತಿನಲ್ಲಿ ಹೆಚ್ಚಿನ ವಿಭಾಗಗಳದ್ದು ಸರಳ ಲೆಕ್ಕ: ಯಾರಿಗೆ ಹೆಚ್ಚು ಮತವೋ ಅವರು ಗೆದ್ದರು. ಅತ್ಯುತ್ತಮ ಚಿತ್ರ ಮಾತ್ರ ಹೊರತು. 2009ರ ಚಿತ್ರಗಳಿಗೆ ಕೊಟ್ಟ ಪ್ರಶಸ್ತಿಯಿಂದ ಈ ವಿಭಾಗದಲ್ಲಿ ಐದರ ಬದಲು ಹತ್ತು ಚಿತ್ರಗಳು ಬಂದವು, ಜೊತೆಗೆ ಪ್ರಾಶಸ್ತ್ಯ ಮತದ ಎಣಿಕೆಯೂ ಬಂತು. ನಡುವೆ ಕೆಲವು ವರ್ಷ ಸಂಖ್ಯೆ ಏರುಪೇರಾಗಿ, 2022ರ ಸಮಾರಂಭದಿಂದ ಮತ್ತೆ ಹತ್ತಕ್ಕೆ ನಿಂತಿದೆ.

ಈ ಎಣಿಕೆಯನ್ನು ಹತ್ತಿರದಿಂದ ನೋಡೋಣ. 100 ಮತಪತ್ರ, ನಾಲ್ಕು ಚಿತ್ರ ಎಂದಿಟ್ಟುಕೊಳ್ಳಿ. ಗೆಲ್ಲಲು 51 ಬೇಕು. ಮೊದಲ ಪ್ರಾಶಸ್ತ್ಯದ ಮತಗಳು ಹೀಗಿವೆ: ಕ 38, ಖ 29, ಗ 21, ಘ 12. ಯಾರಿಗೂ 51 ಇಲ್ಲ, ಹಾಗಾಗಿ ಕೊನೆಯಲ್ಲಿರುವ ಘ ಹೊರಗೆ. ಅದರ 12 ಮತಪತ್ರಗಳಲ್ಲಿ ಎರಡನೇ ಹೆಸರು ಏನಿದೆ ನೋಡುತ್ತಾರೆ: ಗ-ಗೆ 10, ಕ-ಗೆ 1, ಖ-ಗೆ 1. ಈಗ ಕ 39, ಗ 31, ಖ 30. ಮೊದಲ ಸುತ್ತಿನಲ್ಲಿ ಎರಡನೆಯದಾಗಿದ್ದ ಖ ಈಗ ಕೊನೆಗೆ ಇಳಿದು ಹೊರಗೆ ಬೀಳುತ್ತದೆ. ಅದರ 30 ಮತಪತ್ರಗಳಲ್ಲಿ 21ರಲ್ಲಿ ಮುಂದಿನ ಹೆಸರು ಗ, 9ರಲ್ಲಿ ಕ. ಕೊನೆಯ ಲೆಕ್ಕ ಗ 52, ಕ 48. ಮೂರನೇ ಸ್ಥಾನದಲ್ಲಿ ಶುರುಮಾಡಿದ ಚಿತ್ರಕ್ಕೆ ಪ್ರಶಸ್ತಿ, 17 ಮತಗಳಿಂದ ಮುಂದಿದ್ದ ಚಿತ್ರಕ್ಕೆ ಚಪ್ಪಾಳೆ.

ಇದನ್ನು ಓದಿದವರು ಸಾಮಾನ್ಯವಾಗಿ 'ಎಲ್ಲರ ಎರಡನೇ ಆಯ್ಕೆ ಗೆಲ್ಲುತ್ತದೆ' ಎಂಬ ತೀರ್ಮಾನಕ್ಕೆ ಬರುತ್ತಾರೆ. ಅದು ಅರ್ಧ ಸರಿ, ಮತ್ತು ಆ ಉಳಿದರ್ಧವೇ ಕಾಡುವುದು. ವರ್ಗಾವಣೆಯಾಗುವುದು ಹೊರಬಿದ್ದ ಚಿತ್ರಗಳ ಮತಪತ್ರ ಮಾತ್ರ. ಕ-ಗೆ ಮೊದಲ ಪ್ರಾಶಸ್ತ್ಯ ಕೊಟ್ಟ 38 ಜನ ಎರಡನೆಯದಾಗಿ ಏನು ಬರೆದಿದ್ದಾರೆ ಎಂದು ಯಾರೂ ತೆರೆದೂ ನೋಡುವುದಿಲ್ಲ. ಎಲ್ಲರ ಎರಡನೇ ಆಯ್ಕೆಯಾಗಿದ್ದು ಮೊದಲ ಆಯ್ಕೆಯ ಮತ ಆರೇ ಇದ್ದ ಚಿತ್ರ ಇದ್ದಿದ್ದರೆ, ಅದು ಘ-ಗಿಂತ ಮುಂಚೆಯೇ ಮನೆಗೆ ಹೋಗುತ್ತಿತ್ತು. ಗೆಲ್ಲಬೇಕಾದರೆ ಎರಡು ಬೇಕು: ಮೊದಮೊದಲ ಸುತ್ತುಗಳಲ್ಲಿ ಉಳಿಯುವಷ್ಟು ಕಟ್ಟಾ ಅಭಿಮಾನಿಗಳು, ಆಮೇಲೆ ಬೇರೆಯವರ ಪಟ್ಟಿಯಲ್ಲಿ ಎರಡನೆಯದೋ ಮೂರನೆಯದೋ ಸ್ಥಾನ. ಸೋಲುವುದು ಜನರನ್ನು ಎರಡು ಬಣ ಮಾಡುವ ಚಿತ್ರ: ಒಂದಷ್ಟು ಜನಕ್ಕೆ ಮೊದಲನೆಯದು, ಉಳಿದವರಿಗೆ ಒಂಬತ್ತನೆಯದು.

ಅಕಾಡೆಮಿ ಮತಸಂಖ್ಯೆಯನ್ನು ಹೊರಗೆ ಬಿಡುವುದಿಲ್ಲ, ಆದ್ದರಿಂದ ಯಾವ ವರ್ಷ ಯಾವ ಸುತ್ತಿನಲ್ಲಿ ಏನಾಯಿತು ಎನ್ನುವುದು ಊಹೆಯೇ. ಆದರೂ 2022ರ ಫಲಿತಾಂಶವನ್ನು ಈ ಎಣಿಕೆ ಬಿಟ್ಟು ವಿವರಿಸುವುದು ಕಷ್ಟ. 12 ನಾಮನಿರ್ದೇಶನದ 'ದಿ ಪವರ್ ಆಫ್ ದಿ ಡಾಗ್'ಗೆ ಸಿಕ್ಕಿದ್ದು ನಿರ್ದೇಶನದ ಪ್ರಶಸ್ತಿ ಒಂದೇ. ಮೂರೇ ನಾಮನಿರ್ದೇಶನದ 'ಕೋಡಾ' ಮೂರನ್ನೂ ಗೆದ್ದಿತು, ಅತ್ಯುತ್ತಮ ಚಿತ್ರವೂ ಸೇರಿ. ಮೆಚ್ಚಲೇಬೇಕಾದ ಚಿತ್ರಕ್ಕೂ ಬೇಡ ಎನ್ನಲಾಗದ ಚಿತ್ರಕ್ಕೂ ಇರುವ ವ್ಯತ್ಯಾಸ ಅಷ್ಟು.

ಮುಂಚಿನ ಪ್ರಶಸ್ತಿಗಳನ್ನು ಓದುವ ಬಗೆ

ಜನವರಿಯಿಂದ ಫೆಬ್ರವರಿವರೆಗೆ ಸಾಲು ಸಾಲು ಪ್ರಶಸ್ತಿಗಳು ಬರುತ್ತವೆ. ಎಲ್ಲಕ್ಕೂ ಒಂದೇ ತೂಕ ಕೊಡುವುದು ಹೊಸಬರ ಮೊದಲ ತಪ್ಪು. ವಿಮರ್ಶಕರ, ಪತ್ರಕರ್ತರ ಪ್ರಶಸ್ತಿಗಳಿಗೆ ಆಸ್ಕರ್ ಮತ ಇಲ್ಲ. ಅವು ಯಾವ ಚಿತ್ರ ಮಾತಿನಲ್ಲಿದೆ ಎಂದು ಹೇಳುತ್ತವೆ, ಅಷ್ಟೇ. ಕಸುಬಿನ ಸಂಘಗಳದ್ದು ಬೇರೆ, ಏಕೆಂದರೆ ಅವುಗಳ ಸದಸ್ಯರಲ್ಲಿ ಒಂದು ಪಾಲು ಅಕಾಡೆಮಿಯಲ್ಲೂ ಇದ್ದಾರೆ.

ನಿರ್ಮಾಪಕರ ಸಂಘ ಪಿಜಿಎ ಕೂಡ ಅತ್ಯುತ್ತಮ ಚಿತ್ರಕ್ಕೆ ಪ್ರಾಶಸ್ತ್ಯ ಮತವನ್ನೇ ಬಳಸುತ್ತದೆ, ಹಾಗಾಗಿ ಆ ಒಂದು ವಿಭಾಗಕ್ಕೆ ಅದರ ಮಾತು ಭಾರ. 'ಕೋಡಾ'ವನ್ನು ಮುಂಚೆಯೇ ಆರಿಸಿದ್ದು ಅದೇ. ಆದರೂ 2016ರ ಚಿತ್ರಗಳಲ್ಲಿ ಅದು 'ಲಾ ಲಾ ಲ್ಯಾಂಡ್' ಎಂದಿತ್ತು, 2019ರ ಚಿತ್ರಗಳಲ್ಲಿ '1917' ಎಂದಿತ್ತು; ಎರಡು ಸಲವೂ ಆಸ್ಕರ್ ಬೇರೆ ಕಡೆ ಹೋಯಿತು. ನಿರ್ದೇಶಕರ ಸಂಘ ಡಿಜಿಎ ನಿರ್ದೇಶನದ ಪ್ರಶಸ್ತಿಗೆ ಬಲವಾದ ಸೂಚಕ. 1948ರಿಂದ ಈಚೆಗೆ ಅದು ಮತ್ತು ಆಸ್ಕರ್ ಬೇರೆಯಾದದ್ದು ಬೆರಳೆಣಿಕೆಯಷ್ಟು ಸಲ. ಅಂಥದ್ದರಲ್ಲಿ 2012ರ ಚಿತ್ರಗಳ ಕಥೆ ಪಾಠದಂತಿದೆ: ಡಿಜಿಎ ಗೆದ್ದ ಬೆನ್ ಅಫ್ಲೆಕ್‌ಗೆ ಆಸ್ಕರ್ ನಾಮನಿರ್ದೇಶನವೇ ಇರಲಿಲ್ಲ. ಡಿಜಿಎ ದೊಡ್ಡ ಸಂಘ, ಟಿ.ವಿ. ನಿರ್ದೇಶಕರೂ ಅದರಲ್ಲಿದ್ದಾರೆ. ಅಕಾಡೆಮಿಯ ನಿರ್ದೇಶಕರ ವಿಭಾಗ ಚಿಕ್ಕದು, ಅದರಲ್ಲಿ ಹೊರದೇಶದವರ ಪಾಲೂ ದೊಡ್ಡದು.

ನಟನೆಯಲ್ಲಿ ಅಮೆರಿಕದ ನಟರ ಸಂಘ ಸ್ಯಾಗ್ ಮತ್ತು ಬ್ರಿಟನ್ನಿನ ಚಿತ್ರ ಪ್ರಶಸ್ತಿ ಬಾಫ್ಟಾ ಬೇರೆ ಬೇರೆ ಹೆಸರು ಹೇಳಿದಾಗ ಏನು ಮಾಡಬೇಕು? 2019ರಲ್ಲಿ ಸ್ಯಾಗ್ ಗ್ಲೆನ್ ಕ್ಲೋಸ್‌ಗೆ, ಬಾಫ್ಟಾ ಒಲಿವಿಯಾ ಕೋಲ್ಮನ್‌ಗೆ, ಆಸ್ಕರ್ ಕೋಲ್ಮನ್‌ಗೆ. 2021ರಲ್ಲಿ ಸ್ಯಾಗ್ ಚಾಡ್ವಿಕ್ ಬೋಸ್‌ಮನ್‌ಗೆ, ಬಾಫ್ಟಾ ಮತ್ತು ಆಸ್ಕರ್ ಆಂಥನಿ ಹಾಪ್ಕಿನ್ಸ್‌ಗೆ. 2025ರಲ್ಲಿ ಸ್ಯಾಗ್ ಡೆಮಿ ಮೂರ್‌ಗೆ, ಉಳಿದೆರಡೂ ಮೈಕಿ ಮ್ಯಾಡಿಸನ್‌ಗೆ. ಇಷ್ಟು ನೋಡಿ 'ಬಾಫ್ಟಾ ಹೇಳಿದ್ದೇ ಸರಿ' ಎಂದು ಹೊರಟರೆ 2023 ಅಡ್ಡ ಬರುತ್ತದೆ: ಬಾಫ್ಟಾ ಕೇಟ್ ಬ್ಲಾಂಚೆಟ್ ಮತ್ತು ಆಸ್ಟಿನ್ ಬಟ್ಲರ್ ಎಂದಿತು, ಸ್ಯಾಗ್ ಹೇಳಿದ ಮಿಶೆಲ್ ಯೋ ಮತ್ತು ಬ್ರೆಂಡನ್ ಫ್ರೇಸರ್ ಆಸ್ಕರ್ ಒಯ್ದರು. ಇಬ್ಭಾಗವಾದ ವರ್ಷ ಬಾಫ್ಟಾ ಕಡೆಗೆ ತುಸು ವಾಲಿ 55-45 ಎಂದು ಬರೆದುಕೊಳ್ಳುವುದು ಸರಿ. 80-20 ಎಂದು ಬರೆಯುವುದು ಹುಂಬತನ.

ತಾರೀಖು ಕೂಡ ನೋಡಬೇಕು. 2025ರಲ್ಲಿ ಆಸ್ಕರ್ ಅಂತಿಮ ಮತದಾನ ಫೆಬ್ರವರಿ 18ಕ್ಕೆ ಮುಗಿದಿತ್ತು, ಸ್ಯಾಗ್ ಸಮಾರಂಭ ನಡೆದದ್ದು 23ಕ್ಕೆ. ಆ ರಾತ್ರಿಯ ಗೆಲುವು, ಭಾಷಣ, ಮರುದಿನದ ಗದ್ದಲ ಯಾವುದೂ ಒಂದು ಮತವನ್ನೂ ಬದಲಿಸುವಂತಿರಲಿಲ್ಲ. ನಟರ ಒಲವು ಯಾವ ಕಡೆ ಎಂಬ ಸುಳಿವಾಗಿ ಅದು ಪ್ರಯೋಜನಕ್ಕೆ ಬರುತ್ತದೆಯೇ ಹೊರತು ಅಲೆ ಎದ್ದಿತು ಎಂದು ಓದಬಾರದು. ಮತದಾನ ಮುಗಿಯುವ ಮುನ್ನ, ಫೆಬ್ರವರಿ 8ರ ಒಂದೇ ರಾತ್ರಿ ಪಿಜಿಎ ಮತ್ತು ಡಿಜಿಎ ಎರಡನ್ನೂ ಗೆದ್ದ 'ಅನೋರಾ'ದ ವಿಷಯ ಬೇರೆ. ಅತ್ಯುತ್ತಮ ಚಿತ್ರ ಅದೇ ಆಯಿತು.

ಇನ್ನು 'ಹಿಂದೆಂದೂ ಹೀಗಾಗಿಲ್ಲ' ಎಂಬ ಸೂತ್ರಗಳು. ನಿರ್ದೇಶನಕ್ಕೆ ನಾಮನಿರ್ದೇಶನ ಇಲ್ಲದ ಚಿತ್ರ ಗೆಲ್ಲುವುದಿಲ್ಲ ಎನ್ನುತ್ತಿದ್ದರು. 'ಆರ್ಗೋ', 'ಗ್ರೀನ್ ಬುಕ್', 'ಕೋಡಾ' ಗೆದ್ದವು. ಸಂಕಲನದ ನಾಮನಿರ್ದೇಶನ ಇಲ್ಲದೆ ಆಗದು ಎನ್ನುತ್ತಿದ್ದರು, 'ಬರ್ಡ್‌ಮನ್' ಮುರಿಯಿತು. ಇಂಗ್ಲಿಷ್ ಅಲ್ಲದ ಚಿತ್ರಕ್ಕೆ ಸಿಗದು ಎನ್ನುತ್ತಿದ್ದರು. 2020ರಲ್ಲಿ 'ಪ್ಯಾರಸೈಟ್' ಬಂತು. ವರ್ಷಕ್ಕೆ ಒಂದೇ ಫಲಿತಾಂಶ ಬರುವ ಕಡೆ 20 ವರ್ಷದ ಇತಿಹಾಸ ಎಂದರೆ 20 ಅಂಕಿ ಮಾತ್ರ. ಆ 20ರೊಳಗೂ ನಿಯಮ ಬದಲಾಗಿರುತ್ತದೆ, ಮತದಾರರು ಬದಲಾಗಿರುತ್ತಾರೆ. ಸೂತ್ರದ ಹಿಂದೆ ಕಾರಣ ಇದ್ದರೆ ಇಟ್ಟುಕೊಳ್ಳಿ, ಬರೀ ಕಾಕತಾಳೀಯವಾದರೆ ಬಿಡಿ.

ಬೇರೆ ಪ್ರಶಸ್ತಿಗಳಿಗೆ ಇದೇ ಅಳತೆಗೋಲು ಒಗ್ಗುವುದಿಲ್ಲ. ಗ್ರ್ಯಾಮಿಯ ವರ್ಷದ ಆಲ್ಬಂ ವಿಭಾಗದಲ್ಲಿ 8 ಹೆಸರು, ಹೆಚ್ಚು ಮತ ಬಂದವರಿಗೆ ಪ್ರಶಸ್ತಿ. ಲೆಕ್ಕದ ಪ್ರಕಾರ ಶೇ 13ರಷ್ಟು ಮತಕ್ಕೂ ಗೆಲುವು ಸಾಧ್ಯ. ಒಂದೇ ಬಗೆಯ ಇಬ್ಬರು ಕಲಾವಿದರಿದ್ದರೆ ಮತ ಹಂಚಿಹೋಗುವ ಅಪಾಯ ಅಲ್ಲಿ ನಿಜ. ಕಾನ್ ಚಿತ್ರೋತ್ಸವದಂಥ ಕಡೆ ತೀರ್ಪು ಪ್ರತಿವರ್ಷ ಬದಲಾಗುವ ಒಂದು ಸಣ್ಣ ಮಂಡಳಿಯದ್ದು. ಅದಕ್ಕೆ ಅಂಕಿಅಂಶ ಹಿಡಿದು ಹೊರಡುವುದೇ ವ್ಯರ್ಥ.

ಬಲಶಾಲಿ ತಂಡ ಯಾಕೆ ಸೋಲುತ್ತದೆ

ಆಟದಲ್ಲಿ ಮತ ಎಣಿಕೆಯ ಜಾಗದಲ್ಲಿ ಟೂರ್ನಿಯ ಮಾದರಿ ಇರುತ್ತದೆ. ಎದುರಾಳಿಗಿಂತ ಬಲವಾಗಿದ್ದು ಒಂದು ಪಂದ್ಯ ಗೆಲ್ಲುವ ಸಾಧ್ಯತೆ ಶೇ 60 ಇರುವ ತಂಡ ಎಂದಿಟ್ಟುಕೊಳ್ಳಿ. ಒಂದೇ ಪಂದ್ಯವಾದರೆ 60. ಮೂರು ಪಂದ್ಯಗಳ ಸರಣಿಯಾದರೆ 65, ಐದರದ್ದಾದರೆ 68, ಏಳರದ್ದಾದರೆ 71. ಪಂದ್ಯ ಹೆಚ್ಚಿದಂತೆ ಅದೃಷ್ಟದ ಪಾಲು ಕರಗುತ್ತದೆ, ಆದರೆ ಎಷ್ಟು ನಿಧಾನಕ್ಕೆ ಕರಗುತ್ತದೆ ನೋಡಿ. ಏಳು ಪಂದ್ಯ ಆಡಿಸಿದರೂ ಹತ್ತರಲ್ಲಿ ಮೂರು ಸಲ ದುರ್ಬಲರೇ ಗೆಲ್ಲುತ್ತಾರೆ.

ಈಗ ಸುತ್ತುಗಳನ್ನು ಗುಣಿಸಿ. ನಾಕೌಟ್‌ನ ನಾಲ್ಕು ಸುತ್ತಿನಲ್ಲೂ ಶೇ 70 ಸಾಧ್ಯತೆ ಇರುವ ತಂಡ ಕಪ್ ಗೆಲ್ಲುವ ಸಾಧ್ಯತೆ 0.7ನ್ನು ನಾಲ್ಕು ಸಲ ಗುಣಿಸಿದಷ್ಟು: ಶೇ 24. ಟೂರ್ನಿ ಶುರುವಾಗುವ ಮುನ್ನ 'ಕಪ್ ಇವರದ್ದೇ' ಎಂದವರು, ಸರಿಯಾದ ತಂಡವನ್ನೇ ಆರಿಸಿದ್ದರೂ, ನಾಲ್ಕರಲ್ಲಿ ಮೂರು ಸಲ ತಪ್ಪುತ್ತಾರೆ. 2007ರ ಋತುವಿನಲ್ಲಿ ಪೇಟ್ರಿಯಟ್ಸ್ ಸತತ 18 ಪಂದ್ಯ ಗೆದ್ದು ಸೂಪರ್ ಬೌಲ್‌ಗೆ ಬಂದು ಜೈಂಟ್ಸ್ ಎದುರು 17-14ರಿಂದ ಸೋತಿತು. 2023ರ ಏಕದಿನ ವಿಶ್ವಕಪ್‌ನಲ್ಲಿ ಭಾರತ ಸತತ 10 ಗೆದ್ದು ನವೆಂಬರ್ 19ರ ಫೈನಲ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಸೋತಿತು. ಅಂಥ ತಂಡಕ್ಕೆ ಸೆಮಿಫೈನಲ್, ಫೈನಲ್ ಎರಡಕ್ಕೂ ತಲಾ ಶೇ 80 ಕೊಟ್ಟರೂ ಒಟ್ಟು 64; ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ ಕೈತಪ್ಪುತ್ತದೆ. ಆ ರಾತ್ರಿ ಎಲ್ಲರಿಗೂ ಹೊಟ್ಟೆ ಉರಿದದ್ದು ನಿಜ, ಆದರೆ ಲೆಕ್ಕ ಕೈಕೊಟ್ಟಿರಲಿಲ್ಲ.

ಮಾದರಿ ಯಾರಿಗೆ ಒಲಿಯುತ್ತದೆ ಎಂಬುದಕ್ಕೆ 2011ರಿಂದ ಇರುವ ಐಪಿಎಲ್ ಪ್ಲೇಆಫ್‌ಗಿಂತ ಒಳ್ಳೆ ಉದಾಹರಣೆ ಇಲ್ಲ. ಪಟ್ಟಿಯ ಮೊದಲೆರಡು ತಂಡಗಳು ಮೊದಲ ಕ್ವಾಲಿಫೈಯರ್ ಆಡುತ್ತವೆ. ಗೆದ್ದವರು ಫೈನಲ್‌ಗೆ, ಸೋತವರಿಗೆ ಇನ್ನೊಂದು ಅವಕಾಶ. ಮೂರು-ನಾಲ್ಕನೆಯವರಿಗೆ ಎಲಿಮಿನೇಟರ್, ಸೋತರೆ ಮನೆಗೆ. ನಾಲ್ಕೂ ತಂಡ ಸಮಬಲದವು, ಪ್ರತಿ ಪಂದ್ಯ 50-50 ಎನ್ನೋಣ. ಮೊದಲೆರಡರಲ್ಲಿ ಒಂದು ತಂಡ ನೇರ ದಾರಿಯಲ್ಲಿ ಗೆಲ್ಲುವುದು ಅರ್ಧದ ಅರ್ಧ, ಅಂದರೆ 25. ಸೋತು ಸುತ್ತಿ ಬಂದು ಗೆಲ್ಲುವುದು 12.5, ಒಟ್ಟು 37.5. ಮೂರನೆಯ ಅಥವಾ ನಾಲ್ಕನೆಯ ತಂಡ ಮೂರು ಪಂದ್ಯ ಸತತ ಗೆಲ್ಲಬೇಕು: 12.5. ಬಲ ಒಂದೇ ಇದ್ದರೂ ಅವಕಾಶ ಮೂರು ಪಟ್ಟು! 2011ರಿಂದ 2025ರವರೆಗಿನ 15 ಕಪ್‌ಗಳಲ್ಲಿ 14 ಹೋದದ್ದು ಮೊದಲೆರಡು ಸ್ಥಾನದವರಿಗೇ. ಎಲಿಮಿನೇಟರ್‌ನಿಂದ ಏರಿ ಗೆದ್ದದ್ದು 2016ರ ಸನ್‌ರೈಸರ್ಸ್ ಹೈದರಾಬಾದ್ ಮಾತ್ರ. 18ನೇ ಋತುವಿನಲ್ಲಿ ಕೊನೆಗೂ ಕಪ್ ಎತ್ತಿದ ಆರ್‌ಸಿಬಿ ಕೂಡ ಎರಡನೇ ಸ್ಥಾನದಿಂದ, ಮೊದಲ ಕ್ವಾಲಿಫೈಯರ್ ಗೆದ್ದೇ ಹೋದದ್ದು. ಹಾಗಾಗಿ ಲೀಗ್ ಹಂತದ ಕೊನೆಯ ವಾರ ನೋಡಬೇಕಾದದ್ದು ಪ್ಲೇಆಫ್‌ಗೆ ಬಂದವರು ಯಾರು ಎಂಬುದಕ್ಕಿಂತ ಮೊದಲೆರಡರಲ್ಲಿ ಯಾರಿದ್ದಾರೆ ಎಂಬುದು.

ಫುಟ್‌ಬಾಲ್‌ನಲ್ಲಿ ಗೋಲು ಕಡಿಮೆ, ಒಂದು ಎಡವಟ್ಟು ಪಂದ್ಯವನ್ನೇ ತಿರುಗಿಸುತ್ತದೆ. ಆದರೆ ಗುಂಪು ಹಂತ ಕ್ಷಮಿಸುತ್ತದೆ: 2022ರಲ್ಲಿ ಅರ್ಜೆಂಟೀನಾ ಮೊದಲ ಪಂದ್ಯದಲ್ಲೇ ಸೌದಿ ಅರೇಬಿಯಾಕ್ಕೆ 2-1ರಿಂದ ಸೋತು, ಕೊನೆಗೆ ವಿಶ್ವಕಪ್ ಗೆದ್ದಿತು. ಫೈನಲ್ 3-3ರಲ್ಲಿ ನಿಂತು ಪೆನಾಲ್ಟಿಗೆ ಹೋಗಿತ್ತು. ಪೆನಾಲ್ಟಿಗೆ ಹೋದ ಮೇಲೆ 50-50ರಿಂದ ಬಹಳ ದೂರ ಹೋಗಬೇಡಿ.

ಸಂಖ್ಯೆಯಲ್ಲಿ ಬರೆಯುವುದು, ಅಂಕ ಹಾಕಿಕೊಳ್ಳುವುದು

ಊಹೆಯ ಹಾಳೆಯಲ್ಲಿ ಎರಡು ಕಾಲಂ ಇರಲಿ: ಯಾರು ಗೆಲ್ಲಬೇಕು, ಯಾರು ಗೆಲ್ಲುತ್ತಾರೆ. ಮನಸ್ಸಿನ ಮಾತಿಗೆ ಮೊದಲನೆಯದರಲ್ಲಿ ಜಾಗ ಸಿಕ್ಕರೆ ಅದು ಎರಡನೆಯದಕ್ಕೆ ನುಸುಳುವುದು ಕಡಿಮೆಯಾಗುತ್ತದೆ. ಎರಡನೆಯದರಲ್ಲಿ ಹೆಸರಿನ ಜೊತೆ ಶೇಕಡಾವಾರು ಬರೆಯಿರಿ, ಒಂದು ವಿಭಾಗದ ಎಲ್ಲ ಹೆಸರುಗಳ ಮೊತ್ತ 100 ಆಗಬೇಕು. ಪ್ರತಿಯೊಬ್ಬರನ್ನೂ ಬಿಡಿಬಿಡಿಯಾಗಿ ಯೋಚಿಸಿ ಅಂಕಿ ಕೊಟ್ಟರೆ ಮೊತ್ತ 130ಕ್ಕೆ ಹೋಗುವುದು ಮಾಮೂಲು. ಆಗ ಎಲ್ಲವನ್ನೂ 1.3ರಿಂದ ಭಾಗಿಸಿ.

ಬಾಜಿ ಕಟ್ಟುವವರ ದರ ದುಡ್ಡು ಹಾಕಲು ಬೇಡ, ನಿಮ್ಮ ಅಂದಾಜನ್ನು ಸರಿನೋಡಲು ಸಾಕು. ಇಬ್ಬರೇ ಇರುವ ಪೈಪೋಟಿಯಲ್ಲಿ ಒಂದು ರೂಪಾಯಿಗೆ ಒಬ್ಬರ ಮೇಲೆ 1.60, ಇನ್ನೊಬ್ಬರ ಮೇಲೆ 2.40 ಎಂಬ ದರವಿದ್ದರೆ, 100ನ್ನು ಅವುಗಳಿಂದ ಭಾಗಿಸಿ: 62.5 ಮತ್ತು 41.7. ಮೊತ್ತ 104.2, ಹೆಚ್ಚಿನ 4.2 ದರ ಇಟ್ಟವರ ಲಾಭದ ಪಾಲು. ಅದನ್ನು ಕಳೆಯಲು ಪ್ರತಿಯೊಂದನ್ನೂ 1.042ರಿಂದ ಭಾಗಿಸಿದರೆ 60 ಮತ್ತು 40. ನಿಮ್ಮ ಅಂಕಿ ಇದರಿಂದ 20ರಷ್ಟು ದೂರವಿದ್ದರೆ, ನಿಮಗೆ ಗೊತ್ತಿದ್ದು ಅವರಿಗೆ ಗೊತ್ತಿಲ್ಲದ್ದು ಏನು ಎಂದು ಒಂದು ವಾಕ್ಯದಲ್ಲಿ ಬರೆಯಲು ನೋಡಿ. ಬರೆಯಲಾಗದಿದ್ದರೆ ಅದು ಅಭಿಮಾನ.

ಫಲಿತಾಂಶದ ನಂತರ 'ಹತ್ತಕ್ಕೆ ಏಳು ಸರಿ' ಎಂದು ಬೀಗುವುದು ಸುಲಭ, ಆದರೆ ಅದು ಪೂರ್ತಿ ಕಥೆಯಲ್ಲ. ಬ್ರೈಯರ್ ಅಂಕ ಎಂಬ ಅಳತೆ ಇದೆ: ಆದದ್ದಕ್ಕೆ 1, ಆಗದ್ದಕ್ಕೆ 0 ಇಟ್ಟು, ನೀವು ಕೊಟ್ಟ ಸಾಧ್ಯತೆಯೊಂದಿಗಿನ ವ್ಯತ್ಯಾಸವನ್ನು ವರ್ಗ ಮಾಡಿ ಸರಾಸರಿ ತೆಗೆಯುವುದು. ಕಡಿಮೆ ಬಂದಷ್ಟೂ ಒಳ್ಳೆಯದು. ಹತ್ತಕ್ಕೂ ಶೇ 90 ಎಂದು ಬರೆದು ಏಳು ಸರಿಯಾದವರ ಅಂಕ 0.25. ಹತ್ತಕ್ಕೂ 50-50 ಎಂದು ಬರೆದು ಮಲಗಿದವರಿಗೂ ಅಷ್ಟೇ ಬರುತ್ತದೆ! ಅದೇ ಏಳನ್ನು ಶೇ 70 ಎಂದು ಬರೆದಿದ್ದವರಿಗೆ 0.21. ಆಯ್ಕೆ ಒಂದೇ, ವ್ಯತ್ಯಾಸವೆಲ್ಲ ಅತಿವಿಶ್ವಾಸದ್ದು.

ಗೆಳೆಯರೊಳಗಿನ ಸ್ಪರ್ಧೆಗೆ ಹಾಳೆ ಕೊಡುವುದಾದರೆ ಲೆಕ್ಕ ಇನ್ನೊಂದು ತಿರುವು ಪಡೆಯುತ್ತದೆ, ಏಕೆಂದರೆ ಅಲ್ಲಿ ಹೆಚ್ಚು ಸರಿ ಇರುವುದಷ್ಟೇ ಸಾಲದು, ಉಳಿದವರಿಗಿಂತ ಹೆಚ್ಚು ಸರಿ ಇರಬೇಕು. ಐದೇ ಜನ ಇದ್ದರೆ ಎಲ್ಲ ಕಡೆ ಫೇವರಿಟ್ ಬರೆದು ಸುಮ್ಮನಿರಿ. 50 ಜನ ಇದ್ದರೆ ಅದರಲ್ಲಿ 40 ಜನರ ಹಾಳೆ ಹೆಚ್ಚುಕಡಿಮೆ ನಿಮ್ಮದರಂತೆಯೇ ಇರುತ್ತದೆ. ದೊಡ್ಡ ವಿಭಾಗಗಳಲ್ಲಿ ಯಾರೂ ಮುಂದೆ ಹೋಗುವುದಿಲ್ಲ; ಆಸ್ಕರ್‌ನಲ್ಲಿ ಸ್ಪರ್ಧೆ ತೀರ್ಮಾನವಾಗುವುದು ಯಾರೂ ನೋಡದ ಕಿರುಚಿತ್ರಗಳ ಮೂರು ವಿಭಾಗಗಳಲ್ಲಿ, ಆದ್ದರಿಂದ ಆ ಹದಿನೈದು ಕಿರುಚಿತ್ರಗಳನ್ನು ನೋಡಲು ಕೊಟ್ಟ ಸಮಯ ವ್ಯರ್ಥವಲ್ಲ. ಜೊತೆಗೆ ಫೇವರಿಟ್‌ಗೆ 45, ಎರಡನೆಯವರಿಗೆ 35 ಇರುವ ಜಾಗ ಹುಡುಕಿ. ಅಲ್ಲಿ ಎರಡನೆಯವರ ಹೆಸರು ಬರೆದರೆ ನೀವು ಕಳೆದುಕೊಳ್ಳುವುದು 10. ಹೊಡೆದರೆ ಒಂದೇ ಏಟಿಗೆ 40 ಜನ ಹಿಂದೆ. ಇಂಥದ್ದು ಒಂದು ಅಥವಾ ಎರಡು ಸಾಕು. ಎರಡೂ ಒಟ್ಟಿಗೆ ಸರಿಯಾಗುವ ಸಾಧ್ಯತೆ ಶೇ 12, ಮೂರಕ್ಕೆ ಹೋದರೆ ಶೇ 4.